ಹದಿನಾರನೆಯ ಗುರಾಣಿ

ಹದಿನೈದನೆಯ ಗುರಾಣಿಯನ್ನು ಚರ್ಚಿನ ಗೋಡೆಯ ಮೊಳೆಗೆ ಸಿಕ್ಕಿಸಿ ಒಟ್ಟೀಲಿಯಾ ಏಣಿಯಿಂದ ಇಳಿದಳು. ಎಪ್ಪತ್ತೆರಡರ ಮಂಡಿಗಳು ಕಟಕಟ ಎಂದವು. ಕೆಳಗೆ ಶವಪೆಟ್ಟಿಗೆಯಲ್ಲಿ ವಾಲ್‌ಬುರ್ಗಾ ಮಲಗಿದ್ದಳು. ಜೀವಮಾನವಿಡೀ ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದವಳು ಇವತ್ತು ಎಲ್ಲರಿಗಿಂತ ಮೊದಲೇ ಬಂದಿದ್ದಳು.

ವೆಸ್ಟ್‌ಫಾಲಿಯಾದ ಈ ಸ್ತ್ರೀಮಠದಲ್ಲಿ ವ್ರತದ ಕಟ್ಟಿಲ್ಲ, ಬೇಕೆಂದರೆ ಮದುವೆಯಾಗಿ ಹೊರಟುಹೋಗಬಹುದು. ಕುಲದ ಕಟ್ಟು ಮಾತ್ರ ಬಿಗಿ. ನಾಲ್ಕು ತಲೆಮಾರು ಹಿಂದಿನ ಹಿರೀಕರು ಹದಿನಾರು ಮಂದಿಯೂ ಕುಲೀನರಾಗಿರಬೇಕು. ಸೇರುವ ದಿನ ಅವರವರ ಮನೆತನದ ಲಾಂಛನ ಬರೆದ ಗುರಾಣಿಗಳನ್ನು ತೋರಿಸಬೇಕು, ಸತ್ತ ದಿನ ಅವನ್ನೇ ಪೆಟ್ಟಿಗೆಯ ಸುತ್ತ ತೂಗುಹಾಕಬೇಕು. ಒಂದು ಕಡಿಮೆಯಾದರೂ ಚರ್ಚಿನೊಳಗೆ ಸಂಗಾತಿಯರ ಪಕ್ಕ ಮಣ್ಣಿಲ್ಲ, ಊರಾಚೆಯ ಸ್ಮಶಾನವೇ ಗತಿ. ಗುರಾಣಿ ಪರೀಕ್ಷೆ ಒಟ್ಟೀಲಿಯಾಳ ಕೆಲಸ. ಏಳು ಹುಡುಗಿಯರನ್ನು ಆಕೆ ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು.

* * *

ಮಠದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮನೆ. ಆದರೂ ಒಟ್ಟೀಲಿಯಾಳ ಊಟ ವಾಲ್‌ಬುರ್ಗಾಳ ಅಡುಗೆಮನೆಯಲ್ಲೇ. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಿಟ್ಟನ್ನು ಹಗ್ಗದಂತೆ ಹೊಸೆದು ಗಂಟು ಹಾಕಿ ಸುಟ್ಟ ರೊಟ್ಟಿಯನ್ನು ಮುರಿದುಕೊಡುತ್ತಾ ವಾಲ್‌ಬುರ್ಗಾ ಹೇಳಿದಳು:

“ಇದು ನಮ್ಮ ಮುತ್ತಜ್ಜಿ ತಾಯಿ ಕೈಗುಣ ಕಣೇ. ಅವಳು ಬೇಕರಿಯವನ ಮಗಳು. ಹದಿನಾರನೇ ಗುರಾಣೀಲಿರೋ ಸಿಂಹ ನಮ್ಮಪ್ಪ ಬರೆಸಿದ ಸುಳ್ಳು.”

ಒಟ್ಟೀಲಿಯಾ ರೊಟ್ಟಿ ಬಿಟ್ಟು ಎದ್ದುಹೋದಳು. ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೆಯ ದಿನ ಮುಖ ಊದಿಸಿಕೊಂಡೇ ಬಂದು ತನ್ನ ಜಾಗದಲ್ಲಿ ಕೂತಳು.

“ನಾ ಸತ್ತಾಗ ಆ ಸಿಂಹ ಹಾಕ್ಬೇಡ,” ಎಂದಳು ವಾಲ್‌ಬುರ್ಗಾ. “ಆ ಅಜ್ಜೀನ ಒಂದ್ಸಲನಾದ್ರೂ ಒಳಗೆ ಕರ್ಕೊಂಡ್ಬಾ.”

“ಆಮೇಲೆ ನಿನ್ನ ಹೊರಗೆ ಹೂಳ್ತಾರೆ. ನನ್ನ ಪಕ್ಕ ಯಾರಿರ್ತಾರೆ?”

ವಾಲ್‌ಬುರ್ಗಾ ಬೆಣ್ಣೆಯ ಬಟ್ಟಲನ್ನು ಅವಳತ್ತ ತಳ್ಳಿದಳು.

* * *

ಈಗ ಬೆಂಚಿನ ಮೇಲೆ ಎರಡು ಗುರಾಣಿಗಳಿದ್ದವು: ಹಳೆಯ ಸಿಂಹ, ಮತ್ತು ನಿನ್ನೆಯಿಡೀ ಕೂತು ಒಟ್ಟೀಲಿಯಾ ತಾನೇ ಬರೆದದ್ದು. ಸಿಂಹವನ್ನು ಬೆಂಚಿನಡಿಗೆ ನೂಕಿ, ಇನ್ನೊಂದನ್ನು ಹಿಡಿದು ಏಣಿ ಹತ್ತಿದಳು.

ಮಠದ ಒಡತಿ ಹಿರಿಯಮ್ಮ ಒಳಗೆ ಬಂದು ಕತ್ತೆತ್ತಿ ನೋಡಿದರು. ಹದ್ದು, ಕೋಟೆ, ಕತ್ತಿಗಳ ಕೊನೆಯಲ್ಲಿ ಕಂದು ಬಣ್ಣದ ಗಂಟು ರೊಟ್ಟಿ.

“ಇದ್ಯಾವ ಮನೆತನ, ಒಟ್ಟೀಲಿಯಾ?”

ಒಟ್ಟೀಲಿಯಾ ಏಣಿಯ ಮೇಲಿಂದಲೇ ತಿರುಗಿದಳು. “ಬೇಕರಿಯವರದ್ದು, ಅಮ್ಮ. ಅವಳನ್ನ ಹೊರಗೆ ಹೂಳೋದಾದ್ರೆ ಅಲ್ಲೇ ನಂಗೂ ಒಂದು ಜಾಗ ಗುರುತು ಮಾಡಿಸಿಬಿಡಿ.”

ಹಿರಿಯಮ್ಮ ಮತ್ತೆ ಆ ಗುರಾಣಿಯತ್ತ ಕತ್ತೆತ್ತಿದರು. ಆ ರೊಟ್ಟಿಯನ್ನು ಅವರೂ ನಲವತ್ತು ವರ್ಷ ತಿಂದಿದ್ದರು.

“ಸೊಟ್ಟಗಿದೆ,” ಎಂದರು ಕೊನೆಗೆ. “ನೆಟ್ಟಗೆ ಮಾಡು.”

ಒಟ್ಟೀಲಿಯಾ ಗುರಾಣಿಯನ್ನು ಸರಿಪಡಿಸಿದಳು. ಹಸಿಬಣ್ಣ ಬೆರಳಿಗೆ ಅಂಟಿತು. ಕೆಳಗೆ ಚರ್ಚಿನ ನೆಲದಲ್ಲಿ, ಒಟ್ಟೀಲಿಯಾಳ ಹೆಸರನ್ನು ಮೊದಲೇ ಕೆತ್ತಿ ಅವಳಿಗಾಗಿ ಕಾಯುತ್ತಿದ್ದ ಕಲ್ಲಿನ ಪಕ್ಕದ ಚಪ್ಪಡಿಯನ್ನು ಆಳುಗಳು ಮೇಲೆತ್ತತೊಡಗಿದರು.