ಐವತ್ತು ತುಂಬಿದ ಹೆಂಗಸು

"ಪ್ರಾಯ ಎಷ್ಟು ಬರೆಯುವ ಮಾಸ್ಟ್ರೇ?"

ಪಾಲುಪತ್ರ ಬರೆಯುತ್ತಿದ್ದ ಹಸೈನಾರ್ ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದುಕೊಂಡಿದ್ದ. ಡೊಂಬಯ್ಯ ಕಿಟಕಿಯ ಹೊರಗೆ ನೋಡಿದ. ಬಂಟ್ವಾಳ ಪೇಟೆಯಲ್ಲಿ ನೋಡುವಂಥದ್ದೇನೂ ನಡೆಯುತ್ತಿರಲಿಲ್ಲ. ಒಬ್ಬ ಮುದುಕ ಕೊಡೆ ಬಿಚ್ಚಲು ಹೆಣಗುತ್ತಿದ್ದ.

"ಯಾರದ್ದು?"

"ನಿಮ್ಮ ದೊಡ್ಡಮ್ಮನದ್ದು. ಬೇರೆ ಎಲ್ಲ ಬರೆದಾಯಿತು."

ಆ ಒಂದು ಅಂಕಿಗಾಗಿ ಅವನಿಗೆ ಮೂರು ದಿನಗಳಿಂದ ಅನ್ನ ಸೇರಿರಲಿಲ್ಲ.

ಅವರದು ಅಳಿಯಸಂತಾನದ ಕುಟುಂಬ, ಆಸ್ತಿ ಹೆಂಗಸರ ಕಡೆಯಿಂದ ಇಳಿಯುವಂಥದ್ದು. ನಾಲ್ಕು ತಲೆಮಾರು ಎಲ್ಲರದ್ದೂ ಆಗಿದ್ದು ಯಾರೊಬ್ಬರದ್ದೂ ಆಗದೆ ಉಳಿದ ಭೂಮಿ. ಈಗ ಅದು ಎರಡು ಕವರುಗಳಿಗೆ, ಎಂದರೆ ಇಬ್ಬರು ಹೆಂಗಸರ ಎರಡು ಕವಲುಗಳಿಗೆ, ಪಾಲಾಗಬೇಕಿತ್ತು. ಒಂದು ಕವಲು ತೀರಿಕೊಂಡ ಅವನ ತಾಯಿಯದು. ಅದರಲ್ಲಿ ಅಕ್ಕ ದಮಯಂತಿ, ಅವಳ ಮಕ್ಕಳು, ಮತ್ತು ಅವನು. ಇನ್ನೊಂದು ದೊಡ್ಡಮ್ಮ ಅಮ್ಮಣಿಯದು, ಅದರಲ್ಲಿ ಅವಳೊಬ್ಬಳೇ.

ಕಾನೂನನ್ನು ವಕೀಲರು ವಿವರಿಸಿದ್ದರು. ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇರುವ ಕವರಿಗೆ ಪಾಲು ಪೂರ್ತಿ, ಬೇಕಾದವರಿಗೆ ಬರೆದುಕೊಡಬಹುದು. ಇಲ್ಲದ ಕವರು ನಿಸ್ಸಂತತಿ. ಜೀವವಿರುವವರೆಗೆ ಉಂಡುಕೊಂಡಿರಬಹುದು, ಆಮೇಲೆ ಎಲ್ಲ ಇನ್ನೊಂದು ಕವಲಿಗೆ.

"ನನ್ನ ಮಕ್ಕಳು?" ಎಂದು ಡೊಂಬಯ್ಯ ಕೇಳಿದ್ದ.

"ಅವರು ನಿಮ್ಮ ಹೆಂಡತಿಯ ಕುಟುಂಬದವರು. ಈ ಪತ್ರದಲ್ಲಿ ಅವರ ಹೆಸರು ಬರುವುದಿಲ್ಲ," ಎಂದು ವಕೀಲರು ನಕ್ಕಿದ್ದರು.

ದೊಡ್ಡಮ್ಮನಿಗೆ ಮಕ್ಕಳಿಲ್ಲ. ಅವಳೊಂದಿಗಿರುವ ಪದ್ಮಾಕ್ಷಿ ಮನೆಯ ಒಕ್ಕಲಿನವಳ ಮಗಳು. ಗಂಡ ಬಿಟ್ಟುಹೋದ ಮೇಲೆ ಬಂದವಳು ಅಲ್ಲೇ ನಿಂತಿದ್ದಳು. ಬಾವಿಯ ಪಕ್ಕದ ಗದ್ದೆ ಅವಳಿಗೆ ಎಂದು ದೊಡ್ಡಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ನಮ್ಮಮ್ಮ ಹುಟ್ಟಿದ ಮನೆಯ ಗದ್ದೆ ಒಕ್ಕಲಿನವಳಿಗೆ ಹೋಗುವುದಾ?" ದಮಯಂತಿ ಕೇಳಿದ್ದಳು. "ನೀನು ಏನೂ ಮಾಡುವುದು ಬೇಡ ತಮ್ಮ. ಪ್ರಾಯ ಕೇಳಿದಾಗ ಎರಡು ವರ್ಷ ಹೆಚ್ಚು ಹೇಳು, ಸಾಕು."

ಅವನು ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಡದಿರುವುದು ಪ್ರಾಮಾಣಿಕತೆಯ ಒಂದು ಬಗೆ ಎಂದು ಆಗ ಅನ್ನಿಸಿತ್ತು.

"ದೊಡ್ಡ ನೆರೆ ಬಂದಾಗ ನನಗೆ ಹದಿನಾಲ್ಕು," ಪದ್ಮಾಕ್ಷಿಯ ಜೊತೆ ಬೆಂಚಿನಲ್ಲಿ ಕೂತಿದ್ದ ಅಮ್ಮಣಿ ತಾನಾಗಿಯೇ ಹೇಳಿದಳು. "ಮೈನೆರೆದು ಮೂಲೆಯಲ್ಲಿ ಕೂತವಳನ್ನು ದೋಣಿಗೆ ಹತ್ತಿಸಿದ್ದರು. ಮುಟ್ಟಬಾರದು ಅಂತ ಯಾರಿಗೂ ನೆನಪಾಗಲಿಲ್ಲ ಮಾರಾಯ."

ಹಸೈನಾರ್ ನಕ್ಕ. "ಲೆಕ್ಕದ ಮಾಸ್ಟ್ರು ಇದ್ದಾರಲ್ಲ, ಅವರೇ ಹಾಕಲಿ."

ನೆರೆ ಬಂದದ್ದು ಇಪ್ಪತ್ತಮೂರನೇ ಇಸವಿಯಲ್ಲಿ. ಈಗ ಐವತ್ತೆಂಟನೇ ಇಸವಿ. ಮೂಡಬಿದ್ರೆಯ ಹೈಸ್ಕೂಲಿನಲ್ಲಿ ಅವನು ದಿನವೂ ಇದಕ್ಕಿಂತ ಕಷ್ಟದ ಲೆಕ್ಕ ಮಾಡಿಸುತ್ತಿದ್ದ. ಮೂವತ್ತೈದಕ್ಕೆ ಹದಿನಾಲ್ಕು.

"ಐವತ್ತೊಂದು," ಎಂದ.

ತಪ್ಪು ಲೆಕ್ಕ ಹೇಳಿದ ಹುಡುಗರ ಧ್ವನಿ ಸಣ್ಣದಾಗುತ್ತದೆ. ತನ್ನದು ಆಗಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಪೆನ್ನು ಕಾಗದಕ್ಕೆ ತಾಗಿತು.

"ಅಷ್ಟು ಆಯಿತಾ ನನಗೆ?" ಅಮ್ಮಣಿ ಪದ್ಮಾಕ್ಷಿಯ ಕಡೆ ತಿರುಗಿ ಹುಬ್ಬೇರಿಸಿದಳು. ಸ್ವಲ್ಪ ಹೆಮ್ಮೆಯೂ ಇತ್ತು.

ಒಳಗೆ ನೋಂದಣಿ ಅಧಿಕಾರಿ ಪತ್ರವನ್ನು ಗಟ್ಟಿಯಾಗಿ ಓದಿಸಿದರು. ಪುಸ್ತಕದ ಕನ್ನಡ. ಅಮ್ಮಣಿ ದೇವರ ಮುಂದೆ ನಿಂತ ಹಾಗೆ ಕೇಳಿಸಿಕೊಂಡಳು. ಒಂದು ಕಡೆ ಡೊಂಬಯ್ಯನ ತೋಳು ಹಿಡಿದು ಪಿಸುಗುಟ್ಟಿದಳು.

"ನಿಸ್ಸಂತತಿ ಅಂದರೆ ಏನು ಮಗಾ?"

"ಅದು ಕಚೇರಿಯ ಶಬ್ದ ದೊಡ್ಡಮ್ಮ."

"ಬಾವಿಯ ಹತ್ತಿರದ ಗದ್ದೆ ಬರೆದಿದ್ದಾರಲ್ಲ?"

"ಬರೆದಿದ್ದಾರೆ."

ಅದು ಸುಳ್ಳಲ್ಲ, ಅವಳ ಜೀವವಿರುವವರೆಗೆ ಗದ್ದೆ ಅವಳದ್ದೇ. ಸುಳ್ಳಲ್ಲ ಎಂಬುದನ್ನು ಅವನು ತನಗೇ ಎರಡು ಸಲ ಹೇಳಿಕೊಂಡ. ಪ್ರಾಯ ಸರಿಯೋ ಎಂದು ಅಧಿಕಾರಿ ಕೇಳಿದಾಗ ಅವಳು ಅವನ ಮುಖ ನೋಡಿದಳು. ಅವನು ತಲೆಯಾಡಿಸಿದ. "ಹೌದು," ಎಂದು ಹೆಬ್ಬೆಟ್ಟು ಒತ್ತಿದಳು.

ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಅವನಿಗಿಂತ ಮೊದಲು ಹತ್ತಿದವಳು ಇಳಿಯುವಾಗ ನಿಂತಳು. ಕೈ ಚಾಚಿದಳು.

"ಹಿಡಿ ಮಗಾ. ಐವತ್ತೊಂದು ಅಲ್ಲವಾ?"

ಅವನು ಹಿಡಿದ. ತಾಯಿ ಸತ್ತ ವರ್ಷ ಶಾಲೆಯ ದಾರಿಯಲ್ಲಿ ಹೊಳೆ ದಾಟಿಸಿದ ಕೈ. ಅದು ನಿಜವಾಗಿಯೂ ಅವನ ಮೇಲೆ ಭಾರ ಬಿಟ್ಟಿತ್ತು.

ಪೇಟೆಯಲ್ಲಿ ಅವಳು ತೆಂಗಿನ ಸಸಿ ಮಾರುವವನ ಮುಂದೆ ಕುಕ್ಕರುಗಾಲಲ್ಲಿ ಕೂತು ಐದು ಸಸಿ ಆರಿಸಿದಳು.

"ಕಾಯಿ ಬಿಡ್ಲಿಕ್ಕೆ ಏಳೆಂಟು ವರ್ಷ ಬೇಕಮ್ಮ," ಎಂದಳು ಪದ್ಮಾಕ್ಷಿ. "ಈಗ ಯಾಕೆ?"

"ನನಗೆ ಅಲ್ಲ. ನಿನಗೆ."

ಪದ್ಮಾಕ್ಷಿ ಡೊಂಬಯ್ಯನನ್ನು ನೋಡಿದಳು. ಒಂದು ಗಳಿಗೆ ಹೆಚ್ಚೇ ನೋಡಿದಳು. ಅವಳಿಗೆ ಓದಲು ಬರುತ್ತದೆಯೇ ಎಂದು ಅವನು ಯಾವತ್ತೂ ಕೇಳಿರಲಿಲ್ಲ.

"ಮಾಸ್ಟ್ರು ಸರಿ ಮಾಡಿಯೇ ಬರೆಸಿರ್ತಾರೆ," ಎಂದಳು ಕೊನೆಗೆ. ಅದು ಪ್ರಶ್ನೆಯೋ ಎಂದು ಅವನಿಗೆ ತಿಳಿಯಲಿಲ್ಲ.

"ನಿಮಗೆ ಬಸ್ಸಿಗೆ ಹೊತ್ತಾಯಿತು," ಎಂದ.

ವಿಟ್ಲದ ಬಸ್ಸು ಹೊರಡುವಾಗ ಅಮ್ಮಣಿ ಕಿಟಕಿಯಿಂದ ಒಂದು ಸಸಿಯನ್ನು ಅವನ ಕೈಗೆ ತುರುಕಿದಳು. "ನಿನ್ನ ಮಕ್ಕಳಿಗೆ. ಅಂಗಳದಲ್ಲಿ ನೆಡು." ಅಂಗಳ ಹೆಂಡತಿಯ ತಾಯಿಮನೆಯದು ಎಂದು ಹೇಳುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಮೂಡಬಿದ್ರೆಯ ಬಸ್ಸಿನಲ್ಲಿ ಜನ ತುಂಬಿದ್ದರು. ಸಸಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಪಂಚೆ ಒದ್ದೆಯಾಗುತ್ತದೆಂದು ಕಾಲಡಿ ಇಟ್ಟ. ಮೊದಲ ತಿರುವಿನಲ್ಲೇ ಅದು ಉರುಳಿ ನಡುದಾರಿಗೆ ಹೋಯಿತು. ಒಬ್ಬ ಕಾಲಿನಿಂದ ಆಚೆ ತಳ್ಳಿದ. ಒಬ್ಬಳು ಸೀರೆ ಎತ್ತಿ ಈಚೆ ತಳ್ಳಿದಳು.

"ಈ ಸಸಿ ಯಾರದ್ದು ಮಾರಾಯ್ರೆ?" ಕಂಡಕ್ಟರ್ ಕೂಗಿದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಡೊಂಬಯ್ಯನೂ ನೋಡಿದ.

"ಯಾರದ್ದೂ ಅಲ್ಲವಾ?"

ಬಸ್ಸು ಕುಲುಕಿಕೊಂಡು ಇನ್ನೊಂದು ತಿರುವು ತೆಗೆದುಕೊಂಡಿತು. ಸಸಿ ಹಸಿರು ನಾಲಿಗೆ ಚಾಚಿಕೊಂಡು ಕಾಲಿನಿಂದ ಕಾಲಿಗೆ ಉರುಳುತ್ತ, ಕತ್ತಲಾಗಿದ್ದ ಹಿಂದಿನ ಸೀಟಿನ ಅಡಿಗೆ ಹೋಯಿತು. ಮತ್ತೆ ಹೊರಗೆ ಬಂತು.