ಹನ್ನೊಂದರ ನಂತರದ ಅಂಕಿಗಳು

ಕಿಂಗ್ಸ್‌ಟೌನಿನ ನಮ್ಮ ಹವಾಮಾನ ಕಚೇರಿಯಲ್ಲಿ ದೇಶದ ದ್ವೀಪಗಳಿಗೆಲ್ಲ ಚಂಡಮಾರುತದ ಗಾಳಿಯ ನಕ್ಷೆ ತಯಾರಾಗುತ್ತಿತ್ತು. ಯಾವ ದ್ವೀಪಕ್ಕೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಜೋರಿನ ಗಾಳಿ ಬಂದೀತೆಂದು ಕಂಪ್ಯೂಟರು ಹತ್ತು ಸಾವಿರ ವರ್ಷಗಳ ಬಿರುಗಾಳಿಗಳನ್ನು ಕಲ್ಪಿಸಿ ಅಂದಾಜು ಹೇಳುತ್ತದೆ. ಅದನ್ನು ಹಳೆಯ ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತೇವೆ. ಪ್ರತಿ ಅಂಕಿಯನ್ನೂ ಯಾರು ಅಳೆದರು, ಯಾವ ಉಪಕರಣದಿಂದ, ಎಷ್ಟು ನಂಬಬಹುದು ಎಂಬ ವಿವರ ಬರೆಯುವುದು ನನ್ನ ಕೆಲಸ.

ಯೂನಿಯನ್ ದ್ವೀಪದ ಐವತ್ತೆರಡು ವರ್ಷ ಹಿಂದಿನ ಹವಾಮಾನ ಪುಸ್ತಕದಲ್ಲಿ ನಾನು ಸಿಕ್ಕಿಕೊಂಡೆ. ಬಿರುಗಾಳಿಯ ದಿನ ಬೆಳಗಿನ ಆರರಿಂದ ಸಂಜೆ ನಾಲ್ಕರವರೆಗೆ ಗಾಳಿಯ ವೇಗದ ಅಂಕಿ, ಗಂಟೆಗೊಂದು. ವೀಕ್ಷಕ: ಥಡ್ಡಿಯಸ್ ಆಂಬ್ರೋಸ್. ಹತ್ತೂವರೆಗೆ ‘ಗಾಳಿಮಾಪಕದ ಕಂಬ ಬಿತ್ತು’ ಎಂಬ ಟಿಪ್ಪಣಿಯಿತ್ತು. ಅಂಕಿಗಳು ಮಾತ್ರ ನಿಂತಿರಲಿಲ್ಲ. ಮರಣದ ದಾಖಲೆ ತರಿಸಿದೆ. ಆಂಬ್ರೋಸ್ ತೀರಿಕೊಂಡದ್ದು ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ತೊಲೆ ಬಿದ್ದು.

ಮಿಕ್ಕ ಅಂಕಿಗಳು ಸುಳ್ಳಿರಬೇಕೆಂದು ಆ ದಿನದ ಗಾಳಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಿಸಿದೆ. ಎಲ್ಲವೂ ತಾಳೆಯಾದವು. ಎರಡು ಗಂಟೆಯದೊಂದೇ ಬೇರೆ: ಪುಸ್ತಕದಲ್ಲಿ ಗಂಟೆಗೆ ಎಪ್ಪತ್ತಾರು ಮೈಲಿ, ಕಂಪ್ಯೂಟರಿನಲ್ಲಿ ತೊಂಬತ್ತಾರು.

ಮರುದಿನ ಯೂನಿಯನ್ ದ್ವೀಪದ ಹಡಗು ಹತ್ತಿದೆ. ಆಂಬ್ರೋಸರ ವಿಧವೆ ಇಯಾಂಥಿ ಜಗಲಿಯಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದರು.

“ಕಿಂಗ್ಸ್‌ಟೌನಿಂದ ಬಂದ್ಯಾ? ಐವತ್ತು ವರ್ಷ ಆದ್ಮೇಲೆ ನೆನಪಾಯ್ತಾ ನಿಮಗೆ! ನಿಮ್ಮ ಹಡಗೂ ಹಂಗೇ, ಎಂದೂ ಹೊತ್ತಿಗೆ ಬರಲ್ಲ.”

ಪುಟದ ಚಿತ್ರ ತೋರಿಸಿದೆ. “ಮಿಸ್ ಇಯಾಂಥಿ,” ಎಂದೆ, ನಮ್ಮಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ. “ಇದನ್ನ ಬರೆದವರು ಯಾರು?”

“ನಾನೇ. ಅವರು ಓದಿ ಹೇಳೋದು, ನಾನು ಬರೆಯೋದು. ದಿನಾ ಹಂಗೇ ತಾನೇ?”

“ಹನ್ನೊಂದರ ಮೇಲೆ?”

“ಆಗ್ಲೂ ಅವರೇ ಹೇಳಿದ್ರು.”

ಅವರ ಬೆರಳುಗಳು ಕಾಯಿ ಬಿಡಿಸುತ್ತಲೇ ಇದ್ದವು.

“ಮೈ ತಣ್ಣಗಾಗಿತ್ತು, ಮಗಳೇ. ನಾನೇ ದವಡೆಗೆ ಬಟ್ಟೆ ಕಟ್ಟಿದ್ದೆ. ಬಾಯಿ ತೆರೆದಿದ್ದನ್ನ ನೋಡ್ಲಿಲ್ಲ. ಆದ್ರೆ ಗಂಟೆ ಆಗ್ತಿದ್ದ ಹಾಗೇ ಅಂಕಿ ಕೇಳಿಸೋದು, ಅದೇ ದನಿ. ಬರೀದೇ ಇದ್ರೆ ಇನ್ನೊಂದ್ಸಲ ಹೇಳೋರು.” ಕನ್ನಡಕ ಸರಿಮಾಡಿಕೊಂಡು ಚಿತ್ರದ ಮೇಲೆ ಬೆರಳಿಟ್ಟರು. “ಇದೊಂದು ತಪ್ಪು ಬರೆದೆ. ಎರಡು ಗಂಟೆದು. ತೊಂಬತ್ತಾರು ಅಂದಿದ್ರು.”

ಕಂಪ್ಯೂಟರಿನ ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ.

“ನಾಲ್ಕಕ್ಕೆ ‘ಸಾಕು, ಮುಚ್ಚು’ ಅಂದ್ರು. ಆಮೇಲೇ ನಾನು ಅತ್ತಿದ್ದು,” ಎಂದರು ಇಯಾಂಥಿ.

ಕಚೇರಿಯಲ್ಲಿ ಎಲ್ಲವನ್ನೂ ಕೇಳಿ ಮೇಲಧಿಕಾರಿ ಕೇಟೋ ಅಡ್ಡಡ್ಡ ತಲೆಯಾಡಿಸಿದರು. “ಆ ಐದು ಸಾಲು ಅಳಿಸ್ಬಿಡು. ಸತ್ತವನ ಸಾಕ್ಷಿ ತಗೊಂಡು ನಕ್ಷೆ ಮಾಡ್ತೀಯಾ?”

“ಸರಿಯಾಗಿರೋದನ್ನ ಹೇಗೆ ಅಳಿಸ್ಲಿ ಸರ್?”

ಎಪ್ಪತ್ತಾರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಇಯಾಂಥಿ ಹೇಳಿದ ತಿದ್ದುಪಡಿ ಸೇರಿಸಿದೆ. ಕೆಳಗೆ ಬರೆದೆ: ಉಪಕರಣ ಇಲ್ಲ. ದಾಖಲಿಸಿದವರು ಇಯಾಂಥಿ ಆಂಬ್ರೋಸ್. ವಿಧಾನ: ಕೇಳಿ ಬರೆದದ್ದು.

ಕೇಟೋ ಎರಡು ಸಲ ಓದಿದರು. “ಯಾರ ಮಾತು ಕೇಳಿ ಅಂತ ನಾನು ಕೇಳಲ್ಲಮ್ಮ,” ಎಂದು ಸಹಿ ಹಾಕಿದರು. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಎದ್ದು ಹೋಗಿ ಕಿಟಕಿ ಮುಚ್ಚಿದರು.