ಬಣವಿ ಕಡೆ ಮಾರಿ ಮಾಡಿದ ಕಾರು

ಮೊರಬದ ಈರಬಸಪ್ಪನ ಕಾರು ಮತ್ತೆ ಕೈಕೊಟ್ಟಿತೆಂದು ಸುದ್ದಿ ಬಂದಾಗ ಮಾಬುಸಾಬನಿಗೆ ಆ ಮನೆಗೆ ಮಾರಿ ತೋರಿಸಲು ನಾಚಿಕೆಯಾಯಿತು. ನವಲಗುಂದದಲ್ಲಿ ಹದಿನೈದು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವನು ಅವನು. ಈರಬಸಪ್ಪ ಗೋವಾದಿಂದ ಹಳೆಯ ವಿದೇಶಿ ಡೀಸೆಲ್ ಕಾರು ತಂದಾಗ, 'ಡೀಸೆಲ್ ಇಂಜಿನ್ ಎಲ್ಲಾ ಒಂದ ರೀ' ಎಂದುಬಿಟ್ಟಿದ್ದ. ಮುಂಜಾನೆ ಅದು ಚಾಲೂ ಆಗದಿದ್ದಾಗ ಬ್ಯಾಟರಿ ಬದಲಿಸಿದ, ಹೀಟರ್ ಪ್ಲಗ್ ಬದಲಿಸಿದ. ಕಡೆಗೆ ಡೀಸೆಲ್ ಪಂಪನ್ನೇ ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದ. ಹತ್ತು ದಿನಕ್ಕೆ ಪಂಪು ಬಂತು. ಎರಡು ದಿನ ಚಲೋ ಓಡಿತು, ಮೂರನೆಯ ದಿನ ಮತ್ತದೇ ರಾಗ.

"ಈ ಸಲ ಏನ ಬಿಚ್ಚಾಂವಪಾ?" ಅಂಗಳಕ್ಕೆ ಬಂದವನನ್ನು ಈರಬಸಪ್ಪ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮಾಬುಸಾಬನಿಗೆ ಹೆಚ್ಚು ಚುಚ್ಚಿತು.

ಅವನು ಬಾನೆಟ್ ಎತ್ತಿ, ಕೈಪಂಪು ಒತ್ತಿ ಒತ್ತಿ ಡೀಸೆಲ್ ಏರಿಸಿದ. ಕಾರು ಚಾಲೂ ಆಯಿತು. "ಒತ್ತಿದರ ಆಗ್ತದ, ರಾತ್ರಿ ನಿಂತರ ಆಗೂದಿಲ್ಲ" ಎಂದು ಗೊಣಗಿದ.

ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದ ಈರಬಸಪ್ಪನ ಹೆಂಡತಿ ನೀಲಕ್ಕ ಮೊರದಿಂದ ತಲೆ ಎತ್ತದೆ ಹೇಳಿದಳು: "ದಿನಾ ಹಂಗ ಮಾಡೂದಿಲ್ಲಣ್ಣಾ ಅದು. ಬಣವಿ ಕಡೆ ಮಾರಿ ಮಾಡಿ ನಿಲ್ಲಿಸಿದ ದಿನ ಒಂದ ಸಲಕ್ಕ ಚಾಲೂ ಆಗ್ತದ. ರಸ್ತಾದ ಕಡೆ ಮಾರಿ ಇದ್ದರ ಹಟಾ ಹಿಡೀತದ."

"ಗಾಡಿ ಮಾತು ನಿನಗೇನ ಗೊತ್ತು, ಸುಮ್ನಿರು" ಎಂದ ಈರಬಸಪ್ಪ.

ಮಾಬುಸಾಬ ಅಂಗಳವನ್ನು ನೋಡಿದ. ಅದು ಮೂಲೆಯ ಮೇವಿನ ಬಣವಿ ಕಡೆಗೆ ಇಳಿಜಾರಾಗಿತ್ತು. ಡೀಸೆಲ್ ಟ್ಯಾಂಕು ಕಾರಿನ ಹಿಂಬದಿಗೆ. ಮೂತಿ ಇಳಿಜಾರಿಗಿದ್ದರೆ ಟ್ಯಾಂಕು ಮೇಲಾಗಿ ಡೀಸೆಲ್ ಇಂಜಿನ್ ಕಡೆಯೇ ನಿಲ್ಲುತ್ತದೆ. ತಿರುಗಿಸಿ ನಿಲ್ಲಿಸಿದರೆ ರಾತ್ರಿಯೆಲ್ಲ ಟ್ಯಾಂಕಿಗೆ ಇಳಿದುಹೋಗುತ್ತದೆ. ಆದರೆ ಪೈಪಿನೊಳಗೆ ಗಾಳಿ ಹೊಕ್ಕರೆ ಮಾತ್ರ ಹಾಗಾದೀತು.

"ಇದನ್ನ ಮೊದಲ ಯಾಕ ಹೇಳಲಿಲ್ರಿ ಅಕ್ಕಾರ?"

"ನನ್ನ ಯಾರ ಕೇಳಿದ್ರಿ?"

ಬಾಜೂಮನೆಯಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ, ನೀರಿನ ಮಟ್ಟ ನೋಡುವ, ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪಿತ್ತು. ಮಾಬುಸಾಬ ಅದರಲ್ಲಿ ಗೇಣುದ್ದ ಕೇಳಿ ತಂದು ಪಂಪಿಗೆ ಡೀಸೆಲ್ ಬರುವ ದಾರಿಯಲ್ಲಿ ಜೋಡಿಸಿ ಇಂಜಿನ್ ಚಾಲೂ ಇಟ್ಟ. ಡೀಸೆಲ್ ಜೊತೆಗೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಅಲ್ಲಿಂದ ಹಿಂದೆ ಟ್ಯಾಂಕಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಿನಿಂದ ಸವರುತ್ತ ಹೋದ. ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳು. ಹನಿ ಬೀಳುವಷ್ಟಲ್ಲ, ಬರೇ ಪಸೆ.

ಸೀಳಿದ ತುದಿ ಕತ್ತರಿಸಿ, ಕ್ಲಿಪ್ ಬಿಗಿದು, ಎದ್ದು ನಿಂತ. "ಪಂಪ ಬಿಚ್ಚಿದ್ದು ನನ್ನ ತಪ್ಪರಿ ಸಾವ್ಕಾರ್ರ. ಅದಕ್ಕೇನೂ ಆಗಿರಲಿಲ್ಲ. ಇವತ್ತ ರಸ್ತಾದ ಕಡೆನ ಮಾರಿ ಮಾಡಿ ನಿಲ್ಲಸ್ರಿ. ನಾಳಿ ಮುಂಜಾನೆ ಬರ್ತೀನಿ."

ಮರುದಿನ ಮೊದಲ ಬಸ್ಸಿಗೇ ಬಂದ. ಕೈಪಂಪು ಮುಟ್ಟಲಿಲ್ಲ. ಈರಬಸಪ್ಪ ಕೀಲಿ ತಿರುವಿದ, ಒಂದೇ ಸಲಕ್ಕೆ ಇಂಜಿನ್ ಹಿಡಿಯಿತು.

ನೀಲಕ್ಕ ಸೆರಗು ಸರಿಮಾಡಿಕೊಳ್ಳುತ್ತ ಬಂದು ಮುಂದಿನ ಬಾಗಿಲು ತೆಗೆದು ಕೂತಳು. "ಬಂದ್ ಮಾಡಬ್ಯಾಡ್ರಿ. ತಿರ್ಲಾಪುರದಾಗ ಅಕ್ಕನ್ನ ನೋಡಿ ವರ್ಷಾತು, ಹೋಗೂಣು" ಎಂದಳು.

ಈರಬಸಪ್ಪ ಗಾಡಿ ಬಂದ್ ಮಾಡಲಿಲ್ಲ. ಹಿಂದಿನ ಬಾಗಿಲ ಕಡೆ ಕೈಮಾಡಿ ಮಾಬುಸಾಬನಿಗೆ, "ನೀನೂ ಹತ್ತಪಾ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ" ಎಂದ.